ನಿಂತಾಗ ಹಾಕುವ ಪ್ಯಾಂಟು

ಬೆಟ್ಟದ ನೆತ್ತಿಗೆ ಇನ್ನೊಂದು ಇನ್ನೂರು ಹೆಜ್ಜೆ ಇದ್ದಿರಬಹುದು. ಬೆಳಕು ಹರಿದಿರಲಿಲ್ಲ. ಮುಂದೆ ಹೋಗುತ್ತಿದ್ದ ಗೆಳತಿ ತಟಕ್ಕನೆ ನಿಂತಳು. ಅವಳ ಬೂಟಿನ ಲೇಸು ತುಂಡಾಗಿತ್ತು. "ಐದೇ ನಿಮಿಷ ಕಣೇ" ಅಂದಳು. ಐದು ಹೋಗಿ ಇಪ್ಪತ್ತೈದಾಯಿತು. ಕೈಗವಸು ಹಾಕಿಕೊಂಡರೆ ಲೇಸು ತೂತಿಗೆ ಹೋಗುವುದಿಲ್ಲ, ತೆಗೆದರೆ ಬೆರಳು ಮಾತು ಕೇಳುವುದಿಲ್ಲ. ನಾನು ಪಕ್ಕದಲ್ಲಿ ಟಾರ್ಚ್ ಹಿಡಿದು ನಿಂತಿದ್ದೆ.

ಆವತ್ತು ನಾನು ಹಾಕಿಕೊಂಡಿದ್ದದ್ದು ಹೊಸ ಪ್ಯಾಂಟು. ರಜಾಯಿಯನ್ನೇ ಕತ್ತರಿಸಿ ಎರಡು ಕೊಳವೆ ಮಾಡಿ ಹೊಲಿದ ಹಾಗಿತ್ತು. ಅಂಗಡಿಯಲ್ಲಿದ್ದ ಪ್ಯಾಂಟುಗಳಲ್ಲಿ ಎಲ್ಲಕ್ಕಿಂತ ದಪ್ಪ ಅದೇ. ದಪ್ಪ ಇದ್ದಷ್ಟೂ ಒಳ್ಳೆಯದು ಅಂತ ಆಗ ನನ್ನ ಲೆಕ್ಕ. ಟೆಂಟಿನಿಂದ ಹೊರಟಾಗ ಸ್ವರ್ಗ. ಮುಕ್ಕಾಲು ಗಂಟೆ ಹತ್ತುವಷ್ಟರಲ್ಲಿ ಮಂಡಿಯ ಹಿಂದಿನಿಂದ ಬೆವರು ಮೀನಖಂಡಕ್ಕೆ ಇಳಿಯುತ್ತಿತ್ತು. ಇರಲಿ, ಈ ಚಳಿಯಲ್ಲೂ ಬೆವರುತ್ತಿದ್ದೇನಲ್ಲ ಅಂತ ಒಳಗೊಳಗೇ ಹೆಮ್ಮೆ ಬೇರೆ.

ನಿಂತು ನಾಲ್ಕು ನಿಮಿಷ ಆಗಿರಬೇಕು, ಆ ಹೆಮ್ಮೆ ಇಳಿಯಿತು. ಮೊದಲು ತೊಡೆಯ ಮುಂಭಾಗಕ್ಕೆ ಯಾರೋ ತಣ್ಣನೆಯ ತಟ್ಟೆ ಒತ್ತಿದ ಹಾಗಾಯಿತು. ಆಮೇಲೆ ಮಂಡಿ. ಆಮೇಲೆ ಒಳಗಿನ ಬಟ್ಟೆ ಚರ್ಮಕ್ಕೆ ಅಂಟಿಕೊಂಡಿತು. ಕಾಲು ಅಲ್ಲಾಡಿಸಿದಾಗಲೆಲ್ಲ ಹೊಸ ಒದ್ದೆ ಜಾಗ ತಗಲುತ್ತಿತ್ತು. ಹದಿನೈದನೇ ನಿಮಿಷಕ್ಕೆ ತೊಡೆ ತಾನಾಗಿಯೇ ನಡುಗತೊಡಗಿತು. ಟಾರ್ಚಿನ ಬೆಳಕೂ ಅದರ ಜೊತೆ ಕುಣಿಯುತ್ತಿತ್ತು. ಗೆಳತಿ ತಲೆ ಎತ್ತಿ, "ನೆಟ್ಟಗೆ ಹಿಡಿಯೇ" ಅಂತ ಗದರಿದಳು. ಅವಳ ಕಾಲಿನಲ್ಲಿ ಇದ್ದದ್ದು ತೆಳ್ಳಗಿನ ಪ್ಯಾಂಟು. ಕೂರುವ ಮುಂಚೆ ಚೀಲದಿಂದ ಏನೋ ಒಂದು ತೆಗೆದು ಅದರ ಮೇಲೆ ಎಳೆದುಕೊಂಡಿದ್ದಳು. ಏನದು ಅಂತ ಕೇಳುವ ಸ್ಥಿತಿಯಲ್ಲಿ ನಾನು ಇರಲಿಲ್ಲ.

ಅದಾದ ಮೇಲೆ ಚಳಿಗಾಲದ ಚಾರಣ ಸುಮಾರು ಮಾಡಿದ್ದೇನೆ. ಪ್ಯಾಂಟುಗಳನ್ನೂ ಬದಲಾಯಿಸಿದ್ದೇನೆ, ಕೆಲವು ಕಾಸು ಕೊಟ್ಟು ಕಲಿತ ಪಾಠ. ಯಾರಾದರೂ "ಚಳಿಗೆ ಯಾವ ಪ್ಯಾಂಟು ತಗೊಳ್ಳಲಿ?" ಅಂತ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ: ನಡೆಯುವಾಗ ಹಾಕೋಕಾ, ನಿಂತಾಗ ಹಾಕೋಕಾ? ಹೆಚ್ಚಿನವರು ಮುಖ ನೋಡುತ್ತಾರೆ. ಪ್ಯಾಂಟು ಅಂದ ಮೇಲೆ ಬೆಳಿಗ್ಗೆ ಹಾಕಿಕೊಂಡರೆ ರಾತ್ರಿ ತೆಗೆಯುವುದು, ಅಲ್ವಾ?

ಚಳಿ ಅಂದ ತಕ್ಷಣ ನಾವೆಲ್ಲ ಮೇಲಿನಿಂದ ಶುರು ಮಾಡುತ್ತೇವೆ. ಟೋಪಿ, ಜಾಕೆಟ್, ಕೈಗವಸು. ಆಮೇಲೆ ಒಂದೇ ಜಿಗಿತಕ್ಕೆ ಬೂಟು, ಸಾಕ್ಸು. ನಡುವೆ ಇರುವ ಅಷ್ಟುದ್ದದ ಕಾಲು ಯಾರಿಗೂ ನೆನಪಾಗುವುದಿಲ್ಲ. ಸುಟ್ಟಗಾಯ ಎಷ್ಟು ದೂರ ಹರಡಿದೆ ಅಂತ ಅಂದಾಜು ಮಾಡಲು ವೈದ್ಯರು ಒಂದು ಒಂಬತ್ತರ ಲೆಕ್ಕ ಇಟ್ಟುಕೊಂಡಿದ್ದಾರೆ. ಅದರಲ್ಲಿ ದೊಡ್ಡವರ ತಲೆ ಮೈಯ ಮೇಲ್ಮೈಯಲ್ಲಿ ಶೇಕಡಾ 9. ಒಂದೊಂದು ಕಾಲು ಶೇಕಡಾ 18. ಎರಡೂ ಸೇರಿದರೆ 36, ಅಂದರೆ ಮೂರನೇ ಒಂದು ಪಾಲಿಗಿಂತ ಜಾಸ್ತಿ. ಅಷ್ಟು ದೊಡ್ಡ ಜಾಗಕ್ಕೆ ಒಂದು ಮಾಮೂಲಿ ಪ್ಯಾಂಟು ಏರಿಸಿ, ತಲೆಗೆ ಮಾತ್ರ ಎರಡು ಟೋಪಿ ಹಾಕಿಕೊಂಡು ಹೊರಡುತ್ತೇವೆ.

ಆದರೂ ನಡೆಯುವಾಗ ಕಾಲಿಗೆ ಅಷ್ಟಾಗಿ ಚಳಿ ಆಗುವುದಿಲ್ಲ. ಒಲೆ ಇರುವುದೇ ಅಲ್ಲಿ. ಮೈಯಲ್ಲಿರುವ ಅತಿ ದೊಡ್ಡ ಸ್ನಾಯುಗಳು ತೊಡೆ ಮತ್ತು ಕುಂಡೆಯಲ್ಲೇ ಇವೆ. ಸ್ನಾಯುಗಳು ಸುಡುವ ಶಕ್ತಿಯಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಮಾತ್ರ ಹೆಜ್ಜೆಯಾಗುತ್ತದೆ, ಉಳಿದ ಮುಕ್ಕಾಲು ಬಿಸಿಯಾಗುತ್ತದೆ. ಸುಮ್ನೆ ಕೂತ ಒಬ್ಬ ಮನುಷ್ಯನ ಮೈ ಸುಮಾರು 100 ವ್ಯಾಟ್ ಶಾಖ ಬಿಡುತ್ತದೆ, ಹಳೇ ಕಾಲದ ಒಂದು ದೊಡ್ಡ ಬಲ್ಬಿನಷ್ಟು. ಬೆನ್ನಿಗೆ ಚೀಲ ಹೊತ್ತು ಏರು ಹತ್ತುವಾಗ ಅದು ಐದಾರು ಪಟ್ಟು ಏರುತ್ತದೆ. ಆರು ಬಲ್ಬು ಹೊತ್ತಿಸಿಕೊಂಡು, ಅದರ ಸುತ್ತ ರಜಾಯಿ ಸುತ್ತಿ, ಅದರೊಳಗೆ ನಾನು ಮುಕ್ಕಾಲು ಗಂಟೆ ನಡೆದಿದ್ದೆ. ಬೆವರದೆ ಇನ್ನೇನಾಗಬೇಕಿತ್ತು?

ಇನ್ನು ಆ ಬೆವರಿನ ಲೆಕ್ಕ. ಇದನ್ನು ನಾನು ಆಮೇಲೆ ಮನೆಯಲ್ಲಿ ಕೂತು ಹಾಕಿದ್ದು. ಒಂದು ಗ್ರಾಂ ನೀರು ಚರ್ಮದ ಮೇಲೆ ಆವಿಯಾಗಿ ಹೋಗಬೇಕಾದರೆ ಸುಮಾರು 2,400 ಜೂಲ್ ಶಾಖ ಬೇಕು. ನನ್ನ ಪ್ಯಾಂಟಿನ ಒಳಗೆ 100 ಗ್ರಾಂ ಬೆವರು ಇತ್ತು ಅಂದುಕೊಳ್ಳೋಣ, ಅರ್ಧ ಲೋಟವೂ ಆಗದಷ್ಟು. ಅದು ಅರ್ಧ ಗಂಟೆಯಲ್ಲಿ ಆರುತ್ತದೆ ಅಂದರೆ ಆ ಅರ್ಧ ಗಂಟೆಯುದ್ದಕ್ಕೂ 130 ವ್ಯಾಟಿನಂತೆ ಶಾಖ ಎಳೆದುಕೊಳ್ಳುತ್ತದೆ. ಅಷ್ಟೂ ಮೈಯಿಂದಲೇ ಹೋಗುವುದಿಲ್ಲ ನಿಜ, ಸುತ್ತಲಿನ ಗಾಳಿಯಿಂದಲೂ ಸ್ವಲ್ಪ ಬರುತ್ತದೆ. ಆದರೂ ನಿಂತ ಮೈ ಮಾಡುತ್ತಿರುವುದೇ 100 ವ್ಯಾಟು. ಸಂಪಾದನೆಗಿಂತ ಖರ್ಚು ಜಾಸ್ತಿ. ತೊಡೆ ನಡುಗಿದ್ದು ಆ ಕೊರತೆ ತುಂಬಲು. ನಡುಕ ಅಂದರೆ ಸ್ನಾಯು ನಡೆಯದೆಯೇ ನಡೆದಷ್ಟು ದುಡಿದು ಬಿಸಿ ಮಾಡಿಕೊಳ್ಳುವ ಉಪಾಯ.

ಅಲ್ಲಿಗೆ ನನಗೆ ಒಂದು ವಿಷಯ ಸ್ಪಷ್ಟವಾಯಿತು. ಬೆಚ್ಚನೆ ಪ್ಯಾಂಟು ನಡೆಯುವುದಕ್ಕೆ ಬೇಕಾಗಿಲ್ಲ, ನಿಲ್ಲುವುದಕ್ಕೆ ಬೇಕು. ನಡೆಯುವಾಗ ಅದು ಚೀಲದಲ್ಲಿರಬೇಕು. ನಿಂತ ಕ್ಷಣ, ಬೂಟು ಬಿಚ್ಚದೆ, ಒಂದೆರಡು ನಿಮಿಷದಲ್ಲಿ ಮೇಲೆ ಬರಬೇಕು. ಈ ಒಂದು ಮಾತು ತಲೆಗೆ ಹೋದರೆ ಯಾವ ಪ್ಯಾಂಟು ಅನ್ನುವ ಪ್ರಶ್ನೆ ಅರ್ಧ ಬಗೆಹರಿದ ಹಾಗೆ. ಉಳಿದರ್ಧ ಜಿಪ್ಪು, ಲಾಡಿ, ಮಂಡಿ.

ಹಾಗಾದರೆ ನಡೆಯುವಾಗ ಏನು? ಗಾಳಿ ತಡೆಯುವ, ಸ್ವಲ್ಪ ಹಿಗ್ಗುವ, ಬೆವರನ್ನು ಹೊರಗೆ ಬಿಡುವ ಒಂದು ತೆಳು ಪ್ಯಾಂಟು. ಸಾಫ್ಟ್‌ಶೆಲ್ ಅಂತಾರಲ್ಲ, ಅದು. ತುಂಬಾ ಚಳಿ ಇದ್ದರೆ ಒಳಗೊಂದು ತೆಳ್ಳಗಿನ ಉಣ್ಣೆಯ ಥರ್ಮಲ್. ಉಣ್ಣೆಗೆ ಒಂದು ಗುಣವಿದೆ. ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ತೇವವನ್ನು ಎಳೆಯ ಒಳಗೇ ಇಟ್ಟುಕೊಂಡರೂ ಕೈಗೆ ಒದ್ದೆ ಅನ್ನಿಸುವುದಿಲ್ಲ. ಪಾಲಿಯೆಸ್ಟರ್ ತೇವವನ್ನು ಹೀರುವುದೇ ಇಲ್ಲ ಅನ್ನಬಹುದು. ಹಾಗಾಗಿ ಬೇಗ ಒಣಗುತ್ತದೆ, ಎರಡೇ ದಿನಕ್ಕೆ ನಾರುತ್ತದೆ ಕೂಡ. ಎರಡೂ ನಡೆಯುತ್ತದೆ. ಜೀನ್ಸ್ ಮಾತ್ರ ಬೇಡ. ಹತ್ತಿ ನೀರು ಕುಡಿದು ಕೂತರೆ ಬಿಡುವುದಿಲ್ಲ.

ಗಾಳಿ ತಡೆಯಬೇಕು ಅಂದೆನಲ್ಲ, ಅದು ಸುಮ್ನೆ ಹೇಳಿದ್ದಲ್ಲ. 1940ರ ದಶಕದ ಆರಂಭದಲ್ಲಿ ಅಂಟಾರ್ಕ್ಟಿಕಾದಲ್ಲಿ ಪಾಲ್ ಸೈಪಲ್ ಮತ್ತು ಚಾರ್ಲ್ಸ್ ಪಾಸೆಲ್ ಎಂಬ ಇಬ್ಬರು ಒಂದು ಸರಳ ಪ್ರಯೋಗ ಮಾಡಿದರು. ಸಣ್ಣ ಪ್ಲಾಸ್ಟಿಕ್ ಡಬ್ಬಿಯಲ್ಲಿ ನೀರು ತುಂಬಿ ಹೊರಗೆ ನೇತುಹಾಕಿದರು. ಬೇರೆ ಬೇರೆ ಗಾಳಿಯಲ್ಲಿ ಅದು ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಅಂತ ನೋಡಿದರು. ಹವಾಮಾನ ವರದಿಯಲ್ಲಿ ಈಗ ಬರುವ 'ವಿಂಡ್ ಚಿಲ್' ಎಂಬ ಅಂಕಿಯ ಮೂಲ ಅದು. 2001ರಲ್ಲಿ ಅಮೆರಿಕ ಮತ್ತು ಕೆನಡಾ ಅದರ ಸೂತ್ರವನ್ನು ತಿದ್ದಿ ಹೊಸದು ಮಾಡಿದವು. ಈಗಿನ ಸೂತ್ರದ ಪ್ರಕಾರ ಮೈನಸ್ 10 ಡಿಗ್ರಿಯಲ್ಲಿ ಗಂಟೆಗೆ 30 ಕಿಲೋಮೀಟರ್ ವೇಗದ ಗಾಳಿ ಬೀಸಿದರೆ ತೆರೆದ ಚರ್ಮಕ್ಕೆ ಸುಮಾರು ಮೈನಸ್ 20 ಇದ್ದ ಹಾಗೆ. ಫ್ಲೀಸ್, ಅಂದರೆ ತುಪ್ಪಳದಂಥ ಪಾಲಿಯೆಸ್ಟರ್ ಬಟ್ಟೆಯ ದಪ್ಪ ಪ್ಯಾಂಟು ಹಾಕಿಕೊಂಡು ಗಾಳಿಗೆ ಎದುರು ನಿಂತವರಿಗೆ ಇದು ಅನುಭವದಿಂದಲೇ ಗೊತ್ತು. ಫ್ಲೀಸ್ ನೋಡಲು ದಪ್ಪ, ಆದರೆ ಗಾಳಿಗೆ ಜರಡಿ. ಅದರ ಮೇಲೆ ಕಾಗದದಷ್ಟು ತೆಳುವಾದ ನೈಲಾನ್ ಒಂದು ಪದರ ಬಂದರೂ ಸಾಕು, ಪ್ಯಾಂಟೇ ಬೇರೆ ಅನ್ನಿಸುತ್ತದೆ.

ಈಗ ಚೀಲದಲ್ಲಿ ಇರಬೇಕಾದ ಪ್ಯಾಂಟಿಗೆ ಬರೋಣ. ಒಳಗೆ ಏನು ತುಂಬಿರಬೇಕು?

ಬೆಚ್ಚಗಿಡುವುದು ಹತ್ತಿಯೂ ಅಲ್ಲ, ಪುಕ್ಕವೂ ಅಲ್ಲ. ಅವುಗಳ ಸಂದಿಯಲ್ಲಿ ಸಿಕ್ಕಿಹಾಕಿಕೊಂಡು ಅಲ್ಲಾಡದೆ ಕೂತ ಗಾಳಿ. ಅಲ್ಲಾಡದ ಗಾಳಿ ಶಾಖವನ್ನು ದಾಟಿಸುವುದರಲ್ಲಿ ಮಹಾ ಸೋಮಾರಿ. ನೀರು ಅದಕ್ಕಿಂತ ಸುಮಾರು 24 ಪಟ್ಟು ಚುರುಕು. ಹಾಗಾಗಿ ಗಾಳಿ ಇರಬೇಕಾದ ಜಾಗಕ್ಕೆ ನೀರು ಬಂದರೆ ಆಟ ಮುಗಿಯಿತು. ಉತ್ತರ ಧ್ರುವದ ಹತ್ತಿರ ಬದುಕಿದವರಿಗೆ ಇದು ಸಾವಿರಾರು ವರ್ಷದ ಹಿಂದೆಯೇ ಗೊತ್ತಿತ್ತು. ಇನ್ಯುಟ್ ಜನ ಬಟ್ಟೆಗೆ ಬಳಸಿದ ಕ್ಯಾರಿಬೂ ಜಿಂಕೆಯ ತುಪ್ಪಳದಲ್ಲಿ ಒಂದೊಂದು ಕೂದಲ ಒಳಗೂ ಗಾಳಿಯ ಗೂಡುಗಳಿವೆ. ಗ್ರೀನ್‌ಲ್ಯಾಂಡಿನ ವಾಯವ್ಯದ ಬೇಟೆಗಾರರು ಹಿಮಕರಡಿಯ ಚರ್ಮದ ಪ್ಯಾಂಟು ಹಾಕುತ್ತಿದ್ದರು, ಈಗಲೂ ಹಾಕುವವರಿದ್ದಾರೆ. ಮಂಜಿನ ಮೇಲೆ ಗಂಟೆಗಟ್ಟಲೆ ಅಲ್ಲಾಡದೆ ಕಾಯುವ ಕೆಲಸ ಅವರದು. ನೋಡಿ, ಅದೂ ನಿಂತಾಗಿನ ಪ್ಯಾಂಟೇ.

ಬೆಟ್ಟ ಹತ್ತುವವರ ಕಥೆಗೆ ಬಂದರೆ, 1922ರ ಎವರೆಸ್ಟ್ ಯಾತ್ರೆಯಲ್ಲಿ ಜಾರ್ಜ್ ಫಿಂಚ್ ಎಂಬಾತ ಬಲೂನಿನ ಬಟ್ಟೆಯೊಳಗೆ ಬಾತಿನ ಮೃದು ಪುಕ್ಕ ತುಂಬಿಸಿ ಒಂದು ಕೋಟು ಹೊಲಿಸಿಕೊಂಡು ಬಂದಿದ್ದ. ಆತ ರಸಾಯನಶಾಸ್ತ್ರ ಓದಿದವನು. ಉಳಿದವರು ಟ್ವೀಡು, ಉಣ್ಣೆ, ಗ್ಯಾಬರ್ಡಿನ್ ಹಾಕಿಕೊಂಡು ಬಂದ ಸಭ್ಯರು. ಅವರು ಅವನ ಕೋಟು ನೋಡಿ ನಕ್ಕರು. ಮೇಲೆ ಹೋದಂತೆ ಆ ನಗೆ ಅಸೂಯೆಯಾಯಿತು. ಆ ಯಾತ್ರೆಯಲ್ಲಿ ಫಿಂಚ್ ಮತ್ತು ಜೆಫ್ರಿ ಬ್ರೂಸ್ 8,300 ಮೀಟರಿಗಿಂತ ಮೇಲೆ ಹೋಗಿ ಬಂದರು. ಅಷ್ಟು ಎತ್ತರಕ್ಕೆ ಅಲ್ಲಿಯವರೆಗೆ ಯಾರೂ ಹತ್ತಿರಲಿಲ್ಲ. ಇವತ್ತು ಎವರೆಸ್ಟಿನ ಯಾವ ಫೋಟೋ ನೋಡಿದರೂ ಎಲ್ಲರೂ ಫಿಂಚನ ಮೊಮ್ಮಕ್ಕಳ ಹಾಗೆ ಉಬ್ಬಿಕೊಂಡಿರುತ್ತಾರೆ.

ಆ ಪುಕ್ಕಕ್ಕೆ ಡೌನ್ ಅಂತಾರೆ. ಬಾತು ಅಥವಾ ಹೆಬ್ಬಾತಿನ ಎದೆಯ ಭಾಗದಲ್ಲಿ, ಗರಿಗಳ ಅಡಿಯಲ್ಲಿ ಸಿಗುವ ನಯವಾದ ತುಪ್ಪುಳು ಅದು. ಎಷ್ಟು ಉಬ್ಬುತ್ತದೆ ಅನ್ನುವುದನ್ನು 'ಫಿಲ್ ಪವರ್' ಎಂಬ ಸಂಖ್ಯೆಯಲ್ಲಿ ಹೇಳುತ್ತಾರೆ. ಒಂದು ಔನ್ಸ್ ಡೌನ್ ಎಷ್ಟು ಘನ ಅಂಗುಲ ಜಾಗ ತುಂಬುತ್ತದೆ ಅನ್ನುವ ಲೆಕ್ಕ. 550 ಸಾಧಾರಣ, 800 ದಾಟಿದರೆ ಬಹಳ ಒಳ್ಳೆಯದು. ತೂಕಕ್ಕೆ ಹೋಲಿಸಿದರೆ ಇದರಷ್ಟು ಬೆಚ್ಚನೆಯ ವಸ್ತು ಸಿಗುವುದು ಕಷ್ಟ. ಒಂದೇ ದೋಷ, ನೆನೆದರೆ ಮುದ್ದೆ. ಮುದ್ದೆಯಲ್ಲಿ ಗಾಳಿ ಎಲ್ಲಿರುತ್ತದೆ?

ಜಾಕೆಟ್ಟಿಗಾದರೆ ನಾನೂ ಡೌನ್ ಕಡೆಗೇ. ಕಾಲಿಗೆ ಮಾತ್ರ ಸಿಂಥೆಟಿಕ್ ತುಂಬಿದ್ದೇ ನನ್ನ ಆಯ್ಕೆ. ಕಾಲು ಮಾಡುವ ಕೆಲಸ ನೋಡಿ. ಮಂಜಿನಲ್ಲಿ ಮಂಡಿ ಊರುತ್ತದೆ, ಒದ್ದೆ ಬಂಡೆಯ ಮೇಲೆ ಕೂರುತ್ತದೆ, ಇಬ್ಬನಿ ಹಿಡಿದ ಪೊದೆಗಳನ್ನು ಸವರಿಕೊಂಡು ಹೋಗುತ್ತದೆ. ಮೇಲಿಂದ ಅದನ್ನು ನಾವು ಹಾಕುವುದೇ ಬೆವರಿದ ಪ್ಯಾಂಟಿನ ಮೇಲೆ. 1980ರ ದಶಕದಲ್ಲಿ ಅಮೆರಿಕದ ಸೈನ್ಯಕ್ಕೆ ಇದೇ ತಲೆನೋವಿತ್ತು, ನೆನೆದರೂ ಬೆಚ್ಚಗಿಡುವಂಥದ್ದು ಬೇಕಿತ್ತು. ಡೌನ್ ಹಾಗೆಯೇ ಉಬ್ಬುವ ತೀರಾ ಸಣ್ಣ ಪಾಲಿಯೆಸ್ಟರ್ ಎಳೆಗಳ ಪ್ರೈಮಾಲಾಫ್ಟ್ ಹುಟ್ಟಿದ್ದು ಅದಕ್ಕಾಗಿ. ಈಗ ಆ ಜಾತಿಯವು ಬೇಕಾದಷ್ಟಿವೆ. ಚೀಟಿಯಲ್ಲಿ 40, 60, 80, 100 ಗ್ರಾಂ ಅಂತ ಇರುತ್ತದೆ. ಅದು ಪ್ಯಾಂಟಿನ ತೂಕ ಅಂತ ನಾನು ಬಹಳ ದಿನ ತಿಳಿದಿದ್ದೆ. ಒಂದು ಚದರ ಮೀಟರ್ ಜಾಗಕ್ಕೆ ತುಂಬಿದ ಎಳೆಯ ತೂಕ ಅದು. ನನ್ನ ಅನುಭವದಲ್ಲಿ ಕಾಲಿಗೆ 60 ಸಾಕು. ಅಲ್ಲಾಡದೆ ತುಂಬ ಹೊತ್ತು ಕೂರುವವರು, ಸೂರ್ಯೋದಯಕ್ಕೆ ಕ್ಯಾಮೆರಾ ಇಟ್ಟು ಕಾಯುವವರಂಥವರು, 100ಕ್ಕೆ ಹೋಗಬಹುದು.

ಇನ್ನು ಕೆಲವು ಪ್ಯಾಂಟಿನ ಚೀಟಿಯಲ್ಲಿ 'ಮೈನಸ್ 20 ಡಿಗ್ರಿಗೆ' ಅಂತ ದೊಡ್ಡದಾಗಿ ಬರೆದಿರುತ್ತಾರೆ. ಅದನ್ನು ನೋಡಿ ಮರುಳಾಗಬೇಡಿ. ಸ್ಲೀಪಿಂಗ್ ಬ್ಯಾಗಿಗೆ ಅಂತರರಾಷ್ಟ್ರೀಯ ಪರೀಕ್ಷೆ ಇದೆ, ಬಿಸಿ ಮಾಡಿದ ಗೊಂಬೆಯನ್ನು ಒಳಗೆ ಮಲಗಿಸಿ ಅಳೆಯುತ್ತಾರೆ. ಚಾರಣದ ಪ್ಯಾಂಟಿನ ಚೀಟಿಗೆ ಹಾಗೆ ಎಲ್ಲರೂ ಒಪ್ಪಿದ ಅಳತೆ ಇಲ್ಲ. ಇದ್ದರೂ ಯಾರ ಮೈಗೆ, ನಡೆಯುತ್ತಲಾ, ಕೂತಾ ಅನ್ನುವ ಪ್ರಶ್ನೆ ಉಳಿಯುತ್ತದೆ. ಬಟ್ಟೆಯ ಬೆಚ್ಚಗೆಯನ್ನು ಅಳೆಯಲು 1941ರಲ್ಲಿ 'ಕ್ಲೋ' ಅಂತ ಒಂದು ಮಾನ ಮಾಡಿದರು. 21 ಡಿಗ್ರಿಯ ಕೋಣೆಯಲ್ಲಿ ಸುಮ್ನೆ ಕೂತವನು ಹಾಯಾಗಿರಲು ಎಷ್ಟು ಬಟ್ಟೆ ಬೇಕೋ ಅದು 1 ಕ್ಲೋ. ಆ ಮಾನದಲ್ಲೂ ಮನುಷ್ಯ ಕೂತೇ ಇದ್ದಾನೆ, ಗಮನಿಸಿ. ಅವನು ಎದ್ದು ನಡೆದರೆ ಲೆಕ್ಕ ಬೇರೆ.

ಆದರೆ ಇದೆಲ್ಲ ಓದಿಕೊಂಡು ಅಂಗಡಿಗೆ ಹೋದರೂ ಕೊನೆಗೆ ನಿರ್ಧಾರ ಆಗುವುದು ಪ್ಯಾಂಟು ಹಾಕಿ ನೋಡಿದಾಗ. ನನ್ನ ಅಭ್ಯಾಸ ಕಂಡು ಅಂಗಡಿಯವರು ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಾರೆ. ನೋಡಿಕೊಳ್ಳಲಿ. ಕನ್ನಡಿಯ ಮುಂದೆ ನೆಟ್ಟಗೆ ನಿಂತರೆ ಎಲ್ಲ ಪ್ಯಾಂಟೂ ಚೆನ್ನಾಗಿಯೇ ಇರುತ್ತದೆ. ನಾನು ಮೊದಲು ಕುಕ್ಕರಗಾಲಲ್ಲಿ ಕೂರುತ್ತೇನೆ. ಆಗ ಮೂರು ಜಾಗ ಬಾಯಿ ಬಿಡುತ್ತದೆ. ಮಂಡಿ ಬಿಗಿಯಾಗಿ ಎಳೆಯುತ್ತದಾ? ಸೊಂಟದ ಹಿಂಭಾಗ ಕೆಳಗೆ ಜಾರಿ ಬೆನ್ನು ಕಾಣುತ್ತದಾ? ತೊಡೆಸಂದಿಯಲ್ಲಿ ಹೊಲಿಗೆ ಒತ್ತುತ್ತದಾ? ಆಮೇಲೆ ಒಂದು ಕುರ್ಚಿಯ ಮೇಲೆ ಕಾಲಿಡುತ್ತೇನೆ, ದೊಡ್ಡ ಬಂಡೆ ಹತ್ತುವ ಹಾಗೆ. ಆಮೇಲೆ ಚಕ್ಕಳಮಕ್ಕಳ ಹಾಕಿ ಕೂರುತ್ತೇನೆ, ಟೆಂಟಿನೊಳಗೆ ಇರುವುದು ಹಾಗೇ ತಾನೆ.

ಮಂಡಿಯ ವಿಷಯ ಸ್ವಲ್ಪ ವಿವರವಾಗಿ ಹೇಳಲೇಬೇಕು. ಕಾಲು ಮಡಿಸಿದಾಗ ಮಂಡಿಚಿಪ್ಪಿನ ಮೇಲೆ ಬಟ್ಟೆ ಎಳೆದುಕೊಂಡು ಒಳಗಿನ ತುಂಬು ಚಪ್ಪಟೆಯಾಗುತ್ತದೆ. ಚಪ್ಪಟೆ ಅಂದರೆ ಗಾಳಿ ಇಲ್ಲ, ಗಾಳಿ ಇಲ್ಲ ಅಂದರೆ ಚಳಿ. ನನ್ನ ಮೊದಲನೇ ಪ್ಯಾಂಟನ್ನು ಹಾಕಿಕೊಂಡು ಕೂತು ಒಮ್ಮೆ ಮಂಡಿ ಮುಟ್ಟಿ ನೋಡಿದೆ. ತೊಡೆಯ ಹತ್ತಿರ ಎರಡು ಬೆರಳು ದಪ್ಪ ಇದ್ದದ್ದು ಮಂಡಿಯ ಮೇಲೆ ಲುಂಗಿಯಷ್ಟು ತೆಳ್ಳಗಾಗಿತ್ತು. ಒಳ್ಳೆಯ ಪ್ಯಾಂಟಿನಲ್ಲಿ ಮಂಡಿಯನ್ನು ಮೊದಲೇ ಸ್ವಲ್ಪ ಬಾಗಿದ ಹಾಗೆ ಕತ್ತರಿಸಿರುತ್ತಾರೆ, ಎರಡು ಪಕ್ಕದಲ್ಲಿ ಸಣ್ಣ ಮಡಿಕೆ ಹೊಲಿದು. ನೇತುಹಾಕಿದಾಗ ಅದು ವಿಚಿತ್ರವಾಗಿ ಕಾಣುತ್ತದೆ, ಒಳಗೆ ಯಾರೋ ಅರ್ಧ ಕೂತಿರುವ ಹಾಗೆ. ಅಂಥ ಪ್ಯಾಂಟು ಕಂಡರೆ ಕೈಬಿಡಬೇಡಿ. ತೊಡೆಸಂದಿಯಲ್ಲಿ ನಾಲ್ಕು ಹೊಲಿಗೆ ಒಂದೇ ಬಿಂದುವಿಗೆ ಬರುವ ಬದಲು ಒಂದು ಪುಟ್ಟ ತುಂಡು ಬಟ್ಟೆ ಸೇರಿಸಿ ಹೊಲಿದಿದ್ದರೆ ಇನ್ನೂ ಒಳ್ಳೆಯದು. ದಿನವಿಡೀ ನಡೆದ ಮೇಲೆ ಆ ತುಂಡಿನ ಬೆಲೆ ಗೊತ್ತಾಗುತ್ತದೆ.

ಒತ್ತಿದರೆ ತುಂಬು ಚಪ್ಪಟೆಯಾಗುತ್ತದೆ ಅನ್ನುವ ಇದೇ ಕಾರಣಕ್ಕೆ ಕುಂಡೆಯ ಅಡಿಯಲ್ಲಿ ಎಂಥ ದುಬಾರಿ ತುಂಬು ಇದ್ದರೂ ಕೂತ ಕೂಡಲೇ ಲೆಕ್ಕಕ್ಕಿಲ್ಲ. ನಾನು ಅಂಗೈ ಅಗಲಕ್ಕಿಂತ ಸ್ವಲ್ಪ ದೊಡ್ಡ ಫೋಮಿನ ತುಂಡೊಂದನ್ನು ಚೀಲದ ಹೊರಗೆ ಸಿಗಿಸಿಕೊಂಡಿರುತ್ತೇನೆ. ಹಳೇ ಮ್ಯಾಟಿನಿಂದ ಕತ್ತರಿಸಿದ್ದು. ಪ್ಯಾಂಟಿನ ಮೇಲೆ ಮಾಡಿದ ಎಲ್ಲ ಖರ್ಚಿಗಿಂತ ಅದು ಹೆಚ್ಚು ಉಪಯೋಗಕ್ಕೆ ಬಂದಿದೆ ಅಂತ ಕೆಲವೊಮ್ಮೆ ಅನ್ನಿಸುತ್ತದೆ.

ಸೊಂಟ. ಅಂಗಡಿಯಲ್ಲಿ ಯಾರೂ ಯೋಚಿಸದ ವಿಷಯ ಅಂದರೆ ಪ್ಯಾಂಟಿನ ಸೊಂಟದ ಮೇಲೆ ಚೀಲದ ಸೊಂಟಪಟ್ಟಿ ಬರುತ್ತದೆ ಅನ್ನುವುದು. ದೊಡ್ಡ ಗುಂಡಿ, ಲೋಹದ ಕೊಕ್ಕೆ, ದಪ್ಪ ಬೆಲ್ಟು, ಇವೆಲ್ಲ ಪಟ್ಟಿಯ ಕೆಳಗೆ ಸಿಕ್ಕಿ ಹೊಟ್ಟೆಗೆ ಒತ್ತುತ್ತವೆ. ಒಮ್ಮೆ ನನ್ನ ಸೊಂಟದ ಎರಡೂ ಎಲುಬಿನ ಮೇಲೆ ರೂಪಾಯಿ ಅಗಲದ ಕೆಂಪು ಗುರುತು ಬಿದ್ದು ವಾರವಿತ್ತು. ಈಗ ಅಗಲವಾದ ಇಲಾಸ್ಟಿಕ್ ಇರುವ, ಮೇಲೆ ಏನೂ ಉಬ್ಬಿರದ ಸೊಂಟವನ್ನೇ ಹುಡುಕುತ್ತೇನೆ. ಲಾಡಿ ಇದ್ದರೆ ಎಳೆದರೆ ಬಿಗಿಯಾಗಿ ಒತ್ತಿದರೆ ಸಡಿಲವಾಗುವ ಕ್ಲಿಪ್ಪು ಇರಬೇಕು. ಗಂಟು ಹಾಕುವ ಲಾಡಿ ಬೇಡವೇ ಬೇಡ. ಮರಗಟ್ಟಿದ ಬೆರಳಿನಲ್ಲಿ ಬಿಗಿದ ಲಾಡಿ ಬಿಚ್ಚಲು ಒದ್ದಾಡಿದ್ದೀರಾ? ಅದೂ ಅವಸರದಲ್ಲಿ?

ಅವಸರ ಅಂದೆ. ಚಳಿಯ ಮಾತಾದರೂ ಇದನ್ನು ಮೈಚಳಿ ಬಿಟ್ಟೇ ಹೇಳಬೇಕು. ಚಳಿಯಲ್ಲಿ ಮೂತ್ರ ಜಾಸ್ತಿ. ಚರ್ಮದ ರಕ್ತನಾಳಗಳು ಕಿರಿದಾಗಿ ರಕ್ತ ಒಳಗೆ ಸರಿಯುತ್ತದೆ, ಅಲ್ಲಿ ಒತ್ತಡ ಏರುತ್ತದೆ, ಮೂತ್ರಪಿಂಡ ನೀರನ್ನು ಹೊರಹಾಕುತ್ತದೆ. ಗಂಡಸರು ಒಂದು ಜಿಪ್ಪು ಇಳಿಸಿ ಮುಗಿಸಿಬಿಡುತ್ತಾರೆ. ನಮಗೆ ಮೂರು ಪದರ ಕೆಳಗಿಳಿಯಬೇಕು, ಗಾಳಿ ಬೀಸುತ್ತಿರುವಾಗ, ಹಗ್ಗ ಪಟ್ಟಿ ಎಲ್ಲ ಇರುವಾಗ. ಹೀಗಾಗಿಯೇ ಎಷ್ಟೋ ಹೆಂಗಸರು ಚಾರಣದಲ್ಲಿ ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಅದು ಚಳಿಗಿಂತ ಕೆಟ್ಟದ್ದು. ಭುಜಕ್ಕೆ ಪಟ್ಟಿ ಇರುವ ಪ್ಯಾಂಟು ಬೆನ್ನು ಬೆಚ್ಚಗಿಡುತ್ತದೆ ನಿಜ, ಆದರೆ ಅದನ್ನು ಬಿಚ್ಚಬೇಕಾದರೆ ಜಾಕೆಟ್ಟೇ ತೆಗೆಯಬೇಕು. ಹಿಂಭಾಗ ಮಾತ್ರ ಜಿಪ್ಪಿನಲ್ಲಿ ಕೆಳಗೆ ಬೀಳುವ ಪ್ಯಾಂಟುಗಳಿವೆ, ಪಕ್ಕದ ಜಿಪ್ಪು ಮೇಲಿನಿಂದಲೂ ತೆರೆಯುವಂಥವು ಇವೆ. ಹೆಂಗಸರ ಪ್ಯಾಂಟು ಅಂತ ಬಣ್ಣ ಮಾತ್ರ ಬದಲಿಸಿ ಮಾರುವವರೂ ಇದ್ದಾರೆ. ಜಿಪ್ಪು ಎಲ್ಲಿದೆ ಅಂತ ಮೊದಲು ನೋಡಿ, ಬಣ್ಣ ಆಮೇಲೆ.

ಜಿಪ್ಪಿನ ಮಾತಿಗೆ ಬಂದಾಗ ಆವತ್ತು ಗೆಳತಿ ಎಳೆದುಕೊಂಡದ್ದು ಏನು ಅಂತ ಹೇಳಿಬಿಡುತ್ತೇನೆ. ಎರಡೂ ಪಕ್ಕದಲ್ಲಿ ಸೊಂಟದಿಂದ ಹಿಮ್ಮಡಿಯವರೆಗೆ ಪೂರ್ತಿ ಜಿಪ್ಪು ಇರುವ ಸಿಂಥೆಟಿಕ್ ಪ್ಯಾಂಟು. ಜಿಪ್ಪು ಪೂರ್ತಿ ಬಿಚ್ಚಿದರೆ ಅದು ಪ್ಯಾಂಟೇ ಅಲ್ಲ, ಎರಡು ಹಾಳೆ ಸೇರಿಸಿದ ಚಾದರದಂತೆ. ಕಾಲ ಸಂದಿಯಿಂದ ಹಿಂದಕ್ಕೆ ತಂದು, ಸೊಂಟಕ್ಕೆ ಸಿಕ್ಕಿಸಿ, ಮೇಲಿನಿಂದ ಜಿಪ್ಪು ಇಳಿಸಿದರೆ ಆಯಿತು. ಬೂಟು ಬಿಚ್ಚಬೇಕಾಗಿಲ್ಲ, ಬೂಟಿನ ಅಡಿಗೆ ಕಟ್ಟಿದ ಕಬ್ಬಿಣದ ಮುಳ್ಳೂ ಹಾಗೇ ಇರಬಹುದು. ನನ್ನ ಬಳಿ ನಡುವೆ ಒಂದು ವರ್ಷ ಮಂಡಿಯವರೆಗೆ ಮಾತ್ರ ಜಿಪ್ಪು ಇದ್ದ ಪ್ಯಾಂಟು ಇತ್ತು. ಬೂಟು ಒಳಗೆ ತೂರುತ್ತದೆ ಅಂತ ಚೀಟಿಯಲ್ಲಿ ಬರೆದಿತ್ತು. ಮನೆಯಲ್ಲಿ ತೂರಿತು. ಇಳಿಜಾರಿನಲ್ಲಿ, ಮಂಜು ಮೆತ್ತಿದ ಬೂಟಿನಲ್ಲಿ, ಒಂಟಿಗಾಲಲ್ಲಿ ಕೊಕ್ಕರೆಯ ಹಾಗೆ ಕುಪ್ಪಳಿಸುತ್ತ ನಿಂತಾಗ ತೂರಲಿಲ್ಲ. ಮುಕ್ಕಾಲು ಕಾಲು ಒಳಗೆ ಹೋಗಿ ಅಲ್ಲೇ ಸಿಕ್ಕಿಹಾಕಿಕೊಂಡಿತು, ಒಳಗಿನ ತೆಳು ಬಟ್ಟೆ ಪರ್ ಅಂತ ಹರಿಯಿತು. ಬಿಳಿ ಎಳೆ ಹೊರಗೆ ಬಂದು ಗಾಳಿಯಲ್ಲಿ ಹಾರಿತು.

ಪೂರ್ತಿ ಜಿಪ್ಪಿಗೂ ಅದರದೇ ಕಾಟ ಇದೆ. ತೂಕ ಜಾಸ್ತಿಯಾಗುತ್ತದೆ. ಹಲ್ಲಿಗೆ ಒಳಬಟ್ಟೆ ಕಚ್ಚಿಕೊಳ್ಳುತ್ತದೆ, ಹಾಗಾಗಿ ಜಿಪ್ಪಿನ ಹಿಂದೆ ಗಟ್ಟಿ ಪಟ್ಟಿ ಹೊಲಿದಿದೆಯಾ ಅಂತ ನೋಡಬೇಕು. ಆ ಪಟ್ಟಿ ಇಲ್ಲದಿದ್ದರೆ ಹಲ್ಲಿನ ಸಂದಿಯಿಂದ ಗಾಳಿಯೂ ನುಗ್ಗುತ್ತದೆ. ಎಳೆಯುವ ತುದಿ ಬೇಳೆಕಾಳಿನಷ್ಟು ಸಣ್ಣದಿರುತ್ತದೆ. ಮನೆಗೆ ತಂದ ದಿನವೇ ನಾನು ಅದಕ್ಕೆ ಬೆರಳುದ್ದದ ದಾರದ ಕುಣಿಕೆ ಹಾಕುತ್ತೇನೆ, ಗವಸು ಹಾಕಿದ ಕೈಗೆ ಸಿಗಲಿ ಅಂತ. ಅಂಗಡಿಯಲ್ಲೇ ಗವಸು ಹಾಕಿಕೊಂಡು ಜಿಪ್ಪು ಹಾಕಿ ತೆಗೆದು ನೋಡುವುದು ಇನ್ನೂ ಒಳ್ಳೆಯದು. ಅಂಗಡಿಯವರು ಆಗಲೂ ನೋಡುತ್ತಾರೆ.

ಅಳತೆಯ ಬಗ್ಗೆ ಒಂದು ಮಾತು. ಮೇಲೆ ಹಾಕುವ ಪ್ಯಾಂಟು ಒಂದು ಸೈಜು ದೊಡ್ಡದಿರಲಿ. ಒಳಗಿನ ಪ್ಯಾಂಟಿನ ಜೇಬಿನಲ್ಲಿ ಏನಾದರೂ ಇದ್ದೇ ಇರುತ್ತದೆ. ಬಿಗಿಯಾದರೆ ತುಂಬು ಚಪ್ಪಟೆ, ತೀರಾ ದೊಗಳೆಯಾದರೆ ಹೆಜ್ಜೆಗೊಮ್ಮೆ ಒಳಗಿನ ಬಿಸಿ ಗಾಳಿ ಹೊರಗೆ. ಮತ್ತೆ ನೈಲಾನು ಉಜ್ಜಿ ಸರ್ ಸರ್ ಅನ್ನುವ ಸದ್ದು. ಕೆಲವರಿಗೆ ಅದು ಏನೂ ಅಲ್ಲ. ನನಗೆ ತಲೆಕೆಡುತ್ತದೆ.

ತೊಳೆಯುವುದು, ಇಡುವುದು, ಅದರಲ್ಲಿ ದೊಡ್ಡ ವಿದ್ಯೆ ಏನೂ ಇಲ್ಲ. ಒತ್ತಿ ತುಂಬಿ ತಿಂಗಳುಗಟ್ಟಲೆ ಬಿಡಬೇಡಿ, ಎಳೆ ಉಬ್ಬುವುದನ್ನು ಮರೆತುಬಿಡುತ್ತದೆ. ಸಡಿಲವಾಗಿ ನೇತುಹಾಕಿ. ಸ್ಟೌವಿನಿಂದ ದೂರ ಇರಿ. ತೆಳು ನೈಲಾನಿಗೆ ಒಂದು ಕಿಡಿ ಸಾಕು.

ಗೆಳತಿಯ ಜೊತೆ ಅದೇ ಬೆಟ್ಟಕ್ಕೆ ಇನ್ನೊಂದು ಸಲ ಹೋಗಿದ್ದೆ. ಈ ಸಲ ಲೇಸು ಸರಿ ಇತ್ತು. ಆದರೆ ನೆತ್ತಿಯ ಮೇಲೆ ಮೋಡ ಕವಿದು ದಾರಿ ಕಾಣದೆ ಒಂದು ಬಂಡೆಯ ಮರೆಯಲ್ಲಿ ಮುಕ್ಕಾಲು ಗಂಟೆ ಕೂರಬೇಕಾಯಿತು. ಹತ್ತುವಾಗ ತೆಳು ಪ್ಯಾಂಟಿನಲ್ಲಿ ಮೊದಲ ಹತ್ತು ನಿಮಿಷ ಚಳಿಯೇ ಆಗಿತ್ತು. ಹಾಗೆ ಆಗಬೇಕು ಕೂಡ. ಹೊರಡುವಾಗಲೇ ಬೆಚ್ಚಗಿದ್ದರೆ ಅರ್ಧ ಗಂಟೆಗೆ ಬೆವರು ಖಂಡಿತ. ನಿಂತ ತಕ್ಷಣ ಚೀಲದ ಬಾಯಲ್ಲೇ ಇಟ್ಟಿದ್ದ 400 ಗ್ರಾಂ ತೂಕದ ಪ್ಯಾಂಟನ್ನು ತೆಗೆದೆ, ಕಾಲ ಸಂದಿಯಿಂದ ಎಳೆದೆ, ಎರಡು ಕುಣಿಕೆ ಹಿಡಿದು ಜಿಪ್ಪು ಇಳಿಸಿದೆ. ಎಡಗಡೆಯದು ತೊಡೆಯ ಹತ್ತಿರ ಒಮ್ಮೆ ಕಚ್ಚಿಕೊಂಡಿತು. ಹಿಂದಕ್ಕೆ ತಂದು ಮತ್ತೆ ಇಳಿಸಿದೆ. ಅಷ್ಟೇ. ಫೋಮಿನ ತುಂಡಿನ ಮೇಲೆ ಕೂತು ಮಂಡಿ ಎದೆಗೆ ಸೇರಿಸಿಕೊಂಡೆ. ಸ್ವಲ್ಪ ಹೊತ್ತಿಗೆ ಪಾದವೂ ಬೆಚ್ಚಗಾದ ಹಾಗಿತ್ತು. ಪಾದಕ್ಕೆ ಹೋಗುವ ರಕ್ತ ತೊಡೆ, ಮಂಡಿ ದಾಟಿಯೇ ತಾನೆ ಹೋಗಬೇಕು. ಗೆಳತಿ ನನ್ನ ಕಾಲನ್ನು ಒಮ್ಮೆ, ತನ್ನ ಕಾಲನ್ನು ಒಮ್ಮೆ ನೋಡಿ, "ನನ್ನದೇ ಕಂಪನಿ, ನನ್ನದೇ ಬಣ್ಣ. ಬೇರೆ ಬಣ್ಣ ಸಿಗಲಿಲ್ವಾ ನಿಂಗೆ?" ಅಂದಳು.

ಆ ಮೊದಲನೇ ದಪ್ಪ ಪ್ಯಾಂಟು ಇನ್ನೂ ಇದೆ. ಬೆಟ್ಟಕ್ಕೆ ಒಯ್ಯುವುದಿಲ್ಲ. ಮಂಡಿಯ ಹತ್ತಿರ ಹೊಲಿಗೆ ಬಿಟ್ಟಿದ್ದಕ್ಕೆ ಟೇಪು ಅಂಟಿಸಿದ್ದೇನೆ, ಅದರ ಅಂಚಿನಿಂದ ಆಗಾಗ ಒಂದೊಂದು ಎಳೆ ಇಣುಕುತ್ತದೆ. ಚಳಿಗಾಲದ ಬೆಳಿಗ್ಗೆ ಏಳದೆ ಗಂಟೆಗಟ್ಟಲೆ ಕೂತು ಬರೆಯುವಾಗ ಅದರಷ್ಟು ಒಳ್ಳೆಯ ಪ್ಯಾಂಟು ಇನ್ನೊಂದಿಲ್ಲ. ಈಗಲೂ ಅದನ್ನೇ ಹಾಕಿಕೊಂಡು ಕೂತಿದ್ದೇನೆ.